ಬೆರಳಿನ ಕೊಳೆ

ಪೋರ್ಟ್ ಮೆರಿನ್‌ನಲ್ಲಿ ಸೀಸ ಎಲ್ಲಿದೆ ಎಂದು ಕೇಳುವವನು ಬೇರೆ ಊರಿನವನೇ ಇರಬೇಕು. ಎಲ್ಲಿಲ್ಲ ಎಂದು ಕೇಳಿ ಸ್ವಾಮಿ, ಆಗ ನಾವೂ ಸ್ವಲ್ಪ ಯೋಚನೆ ಮಾಡುತ್ತೇವೆ. ಬಡಗಲ ಗಾಳಿ ಎದ್ದಿತೆಂದರೆ ಸೀಸ ಕರಗಿಸುವ ಕಾರ್ಖಾನೆಯ ಚಿಮಣಿಯಿಂದ, ಅದಿರಿನ ಗುಡ್ಡೆಗಳಿಂದ ಬೂದು ಪುಡಿ ಹಾರಿ ಬಂದು ಒಣಹಾಕಿದ ಚಾದರದ ಮೇಲೆ, ಕಿಟಕಿಯ ಅಂಚಿನ ಮೇಲೆ, ಮಕ್ಕಳ ಉಯ್ಯಾಲೆಯ ಮೇಲೆ ಕೂರುತ್ತದೆ. ಬೈದುಕೊಂಡೇ ಒರೆಸುತ್ತೇವೆ, ಮಾರನೆಯ ದಿನ ಊಟದ ಡಬ್ಬಿ ಹಿಡಿದು ಅದೇ ಕಾರ್ಖಾನೆಯ ಗೇಟಿನೊಳಗೆ ನುಗ್ಗುತ್ತೇವೆ. ಹೊಟ್ಟೆಪಾಡು ಎಂದಮೇಲೆ ಮುಗಿಯಿತಲ್ಲ.

ಊರಿನ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಅಳೆಯುವ ಕೆಲಸ ವರ್ನಾ ಪೆಂಗಿಲಿಯದು. ಆಸ್ಪತ್ರೆಯ ಹಿಂದೆ ತಗಡಿನ ಮಾಡಿನ ಒಂದು ಕೋಣೆ, ಅದರೊಳಗೆ ಅವಳು ಮತ್ತು ಅವಳ ಯಂತ್ರ. ಯಂತ್ರವೆಂದರೆ ಮಹಾ ಏನಲ್ಲ. ಒಂದು ಕಡೆ ದೀಪ. ಅದರ ಗಾಜಿನೊಳಗೆ ಸೀಸದ್ದೇ ಒಂದು ಸಣ್ಣ ತುಂಡು. ವಿದ್ಯುತ್ ಹರಿಸಿದರೆ ಸೀಸಕ್ಕೆ ಮಾತ್ರ ಸೇರಿದ ಬೆಳಕು ಅದರಿಂದ ಹೊರಡುತ್ತದೆ, ನಮ್ಮ ಕಣ್ಣಿಗೆ ಕಾಣದ ಬೆಳಕು. ನಡುವೆ ಅಸಿಟಿಲೀನ್ ಉರಿ. ಆಚೆ ಕಡೆ ಆ ಬೆಳಕಿಗಾಗಿಯೇ ಕಾದು ಕೂತ ಯಂತ್ರದ ಕಣ್ಣು. ಒಂದು ಹನಿ ರಕ್ತವನ್ನು ನಿಕಲ್ಲಿನ ಪುಟ್ಟ ಬಟ್ಟಲಿನಲ್ಲಿ ಒಣಗಿಸಿ ಉರಿಯೊಳಕ್ಕೆ ತಳ್ಳಿದರೆ ಅದು ಹೊಗೆಯಾಗುತ್ತದೆ. ಹೊಗೆಯಲ್ಲಿ ಸೀಸವಿದ್ದರೆ ಅದು ತನ್ನ ಬೆಳಕನ್ನು ತಾನೇ ನುಂಗುತ್ತದೆ. ಎಷ್ಟು ನುಂಗಿತೋ ಅಷ್ಟು ಎತ್ತರಕ್ಕೆ ಕಾಗದದ ಮೇಲೆ ಪೆನ್ನು ಜಿಗಿಯುತ್ತದೆ. ಸಣ್ಣ ಜಿಗಿತವಾದರೆ ತಾಯಿ ನಿದ್ದೆ ಮಾಡಬಹುದು. ದೊಡ್ಡದಾದರೆ ಇಲ್ಲ.

ಆದರೆ ನಮ್ಮೂರಿನಲ್ಲಿ ಇದಕ್ಕೊಂದು ತೊಡಕಿತ್ತು. ರಕ್ತ ತೆಗೆಯುವುದು ಮಕ್ಕಳ ಬೆರಳ ತುದಿಗೆ ಸೂಜಿ ಚುಚ್ಚಿ. ಆ ಬೆರಳೋ, ಇಡೀ ದಿನ ಊರಿನ ಮಣ್ಣು ಬಗೆದ ಬೆರಳು. ಸಿಸ್ಟರ್ ಗ್ವೆಂಡಾ ಎಷ್ಟು ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಸೂಜಿಮೊನೆಯಷ್ಟು ಧೂಳು ಉಳಿದರೆ ಸಾಕು, ಪೆನ್ನು ಆಕಾಶಕ್ಕೆ ಹಾರುತ್ತಿತ್ತು. ಮೊದಮೊದಲು ವರ್ನಾ ಅಂಥ ಜಿಗಿತ ಕಂಡಾಗಲೆಲ್ಲ ಹೌಹಾರಿ ಫೋನು ಮಾಡುತ್ತಿದ್ದಳು. ತಾಯಂದಿರು ಎದೆ ಬಡಿದುಕೊಂಡು ಓಡಿ ಬರುತ್ತಿದ್ದರು. ತೋಳಿನ ನರದಿಂದ ಮತ್ತೆ ರಕ್ತ ತೆಗೆದರೆ ಏನೂ ಇರುತ್ತಿರಲಿಲ್ಲ. ಒಂದು ಮನೆಯವರಂತೂ ಹೆದರಿ ಊರನ್ನೇ ಬಿಟ್ಟುಹೋದ ಮೇಲೆ ನಿಜವಾದ ಅಂಕಿ ಬಂತು, ಅದು ಊರಿನ ಎಲ್ಲ ಮಕ್ಕಳದ್ದಕ್ಕಿಂತ ಕಡಿಮೆ! ಅಂದಿನಿಂದ ವರ್ನಾಗೆ ಒಂದು ರೂಢಿ ಬಿತ್ತು. ನಮ್ಮೂರಿನ ಮಕ್ಕಳದು ಸಾಮಾನ್ಯವಾಗಿ ಇಪ್ಪತ್ತು ಮೂವತ್ತು; ಬೆರಳ ರಕ್ತದ ಅಂಕಿ ಅರವತ್ತು ದಾಟಿದರೆ ಅದು ರಕ್ತವಲ್ಲ, ಬೆರಳಿನ ಕೊಳೆ. ಎಸೆ, ಆಮೇಲೆ ಮತ್ತೆ ತೆಗೆಸು. ಇಂಥ ರೂಢಿ ಸೀಸದ ಊರಿನವರಿಗಲ್ಲದೆ ಬೇರೆ ಯಾರಿಗೂ ಬರಲು ಸಾಧ್ಯವಿಲ್ಲ.

ಎಪ್ಪತ್ತೊಂಬತ್ತರ ನವೆಂಬರಿನಲ್ಲಿ, ನಮ್ಮ ಕಡೆ ಬೇಸಿಗೆ ಶುರುವಾಗುವ ಹೊತ್ತಿಗೆ, ಶಿಶುವಿಹಾರದ ಮಕ್ಕಳ ರಕ್ತ ಬಂತು. ಅದರಲ್ಲಿ ವರ್ನಾಳ ಮೊಮ್ಮಗಳು ಟ್ಯಾಮ್ಸಿನ್‌ಳದೂ ಒಂದು. ಮಗಳು ಲೊರೆಲ್‌ಗೆ ಗಂಡನೆಂಬವನು ಹೆಸರಿಗಷ್ಟೇ ಇದ್ದು, ಆಮೇಲೆ ಅದೂ ಇಲ್ಲವಾಗಿತ್ತು. ಅವಳು ಕಾರ್ಖಾನೆಯ ಹತ್ತಿರದ ಬಾಡಿಗೆ ಮನೆಯಲ್ಲಿದ್ದುಕೊಂಡು ಮೀನಿನ ಡಬ್ಬಿ ಕಟ್ಟುವಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ನಾಲ್ಕು ತುಂಬದ ಟ್ಯಾಮ್ಸಿನ್ ಮಧ್ಯಾಹ್ನದ ಮೇಲೆಲ್ಲ ಅಜ್ಜಿಯ ಮನೆಯಲ್ಲಿ ತಾತನ ಜೊತೆ.

ವರ್ನಾ ಬಟ್ಟಲನ್ನು ಉರಿಯೊಳಕ್ಕೆ ತಳ್ಳಿದಳು. ಪೆನ್ನು ಎಂಬತ್ತೆರಡಕ್ಕೆ ಹೋಗಿ ಇಳಿಯಿತು.

ಅವಳು ನಕ್ಕಳು. ಹೌದು, ನಕ್ಕಳು. ಫೋನು ಎತ್ತಿ, "ಗ್ವೆಂಡಾ, ನಮ್ಮನೆ ರಾಣಿ ಕೈ ತೊಳಿಸಿದ್ಯಾ ಇಲ್ವಾ?" ಎಂದಳು.

"ಅಯ್ಯೋ, ಅವಳು ಕೈ ಕೊಟ್ರೆ ತಾನೇ ತೊಳ್ಸೋದು? ನನ್ನ ಕೈನೇ ಕಚ್ಚಿದ್ಲು ಕಣೆ, ನಿನ್ನ ಮೊಮ್ಮಗಳು. ನಿಂದೇ ಬುದ್ಧಿ ಬಂದಿದೆ."

"ಕೊಳೆ ಬೆರಳು. ಎಸೀತೀನಿ ಇದನ್ನ."

"ಹಾಗಾದ್ರೆ ನರದಿಂದ ತೆಗೀಬೇಕಲ್ಲ. ಈ ವಾರನೇ ಕರ್ಕೊಂಡು ಬರೋಕೆ ಹೇಳ್ತೀಯಾ?"

"ಬೇಡ ಬಿಡೆ. ಸೂಜಿ ಕಂಡ್ರೆ ಊರೆಲ್ಲ ಒಂದು ಮಾಡ್ತಾಳೆ. ಕ್ರಿಸ್‌ಮಸ್ ಮುಗೀಲಿ, ರಜ ಕಳೀಲಿ. ನನ್ನ ಮನೇಲಿ ಆಡೋ ಮಗು ಅದು, ಅದಕ್ಕೆಲ್ಲಿಂದ ಬರತ್ತೆ ಸೀಸ?"

ಅಲ್ಲೇ ಇದ್ದದ್ದು ಅವಳ ಜಂಬ. ವರ್ನಾಳ ಮನೆ ಊರಿಗೇ ಹೆಸರಾದ ಮನೆ. ಬಾಗಿಲ ಹೊರಗೇ ಶೂ ಬಿಡಬೇಕು. ನೆಲ ಗುಡಿಸುವ ಹಾಗಿಲ್ಲ, ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಗಂಡ ಮರ್ವ್ ಕಾರ್ಖಾನೆಯ ಕುಲುಮೆಯಲ್ಲಿ ದುಡಿಯುತ್ತಿದ್ದಷ್ಟು ಕಾಲ ಅವನ ಬಟ್ಟೆ ಬೇರೆ, ಬಕೆಟ್ಟು ಬೇರೆ, ಒಣಹಾಕುವ ಹಗ್ಗ ಬೇರೆ. ತನ್ನ ಮನೆಯೊಳಗೆ ಸೀಸ ಕಾಲಿಟ್ಟರೆ ತನ್ನ ಮುಖಕ್ಕೆ ಉಗಿದಂತೆ ಎಂದೇ ಅವಳು ತಿಳಿದಿದ್ದಳು. ಆ ಕಾಗದದ ಚೂರನ್ನು ಮುದುರಿ ಬುಟ್ಟಿಗೆ ಹಾಕಿದಳು. ಲೊರೆಲ್‌ಗೆ, "ಬೆರಳಲ್ಲಿ ಕೊಳೆ ಇತ್ತು ಕಣೆ, ಕ್ರಿಸ್‌ಮಸ್ ಕಳೀಲಿ, ರಜ ಮುಗಿದ್ಮೇಲೆ ಇನ್ನೊಂದ್ಸಲ ನೋಡೋಣ" ಎಂದಷ್ಟೇ ಹೇಳಿದಳು. ಎಷ್ಟು ಬಂತು ಎಂದು ಮಗಳು ಕೇಳಲಿಲ್ಲ, ಇವಳು ಹೇಳಲಿಲ್ಲ.

ರಜದಲ್ಲಿ ಶಿಶುವಿಹಾರವಿಲ್ಲ, ಹಾಗಾಗಿ ಮಗು ಬೆಳಗಿನಿಂದ ಸಂಜೆಯವರೆಗೂ ತಾತನ ಜೊತೆಯೇ. ಬೆನ್ನು ನೋವೆಂದು ಬೇಗ ಕೆಲಸ ಬಿಟ್ಟಿದ್ದ ಮರ್ವ್ ಮೊದಲು ಮನೆಯಲ್ಲಿ ಬೋನಿಗೆ ಬಿದ್ದವನಂತೆ ಚಡಪಡಿಸುತ್ತಿದ್ದ; ಮಗು ಬರತೊಡಗಿದ ಮೇಲೆ ಮನುಷ್ಯನಾಗಿದ್ದ. ಗಂಡಹೆಂಡಿರ ನಡುವೆ ಒಂದು ಕರಾರಿತ್ತು: ಮನೆ ಅವಳದು, ಹಿತ್ತಿಲಿನ ಶೆಡ್ಡು ಅವನದು. ಅವಳು ಅಲ್ಲಿ ಮೂಗು ತೂರಿಸುವ ಹಾಗಿಲ್ಲ, ಅವನು ಶೂ ಹಾಕಿಕೊಂಡು ಇಲ್ಲಿ ಬರುವ ಹಾಗಿಲ್ಲ. ನಮ್ಮೂರಿನ ಅರ್ಧ ಸಂಸಾರಗಳು ಈ ಕರಾರಿನ ಮೇಲೆಯೇ ನಿಂತಿವೆ. ವರ್ನಾ ಕೆಲಸದಿಂದ ಬರುವ ಹೊತ್ತಿಗೆ ತಾತ ಮೊಮ್ಮಗಳು ಕೈಕಾಲು ತೊಳೆದು ಅಡುಗೆಮನೆಯ ಮೇಜಿನ ಮುಂದೆ ಟೀ ಮತ್ತು ಬಿಸ್ಕೆಟ್ಟಿಗೆ ಕಾದು ಕೂತಿರುತ್ತಿದ್ದರು.

"ಏನ್ ಮಾಡಿದ್ರಿ ಇವತ್ತು, ಕಳ್ಳರಿಬ್ರೂ?"

"ಕೇಕ್ ಮಾಡ್ದೆ ಅಜ್ಜಿ," ಎನ್ನುತ್ತಿತ್ತು ಮಗು.

"ತಾತಂಗೆ ಕೊಟ್ಯಾ?"

"ತಾತ ಎರಡು ತಿಂತು."

ಮರ್ವ್ ಹೊಟ್ಟೆ ಸವರಿಕೊಂಡು ಕಣ್ಣು ಮಿಟುಕಿಸುತ್ತಿದ್ದ. ಮಣ್ಣಿನ ಕೇಕು ಇರಬೇಕು, ಮಕ್ಕಳಾಟ, ಎಂದುಕೊಂಡು ವರ್ನಾ ಮಗುವಿನ ಉಗುರುಗಳನ್ನು ಇನ್ನೊಮ್ಮೆ ಬ್ರಷ್ಷಿನಿಂದ ಉಜ್ಜುತ್ತಿದ್ದಳು.

ಕ್ರಿಸ್‌ಮಸ್ಸಿನ ದಿನ ಮಗು ಊಟ ಮಾಡಲಿಲ್ಲ. ಹೊಟ್ಟೆ ನೋವು ಎಂದಿತು. ಸೆಕೆಗೆ ಎಂದುಕೊಂಡರು. ಜನವರಿಯಲ್ಲಿ ವಾಂತಿ ಶುರುವಾಯಿತು. ಮೆಟ್ಟಿಲು ಇಳಿಯುವಾಗ ಎಡವತೊಡಗಿತು. ಅರಳು ಹುರಿದಂತೆ ಮಾತಾಡುತ್ತಿದ್ದ ಮಗು ಅರ್ಧ ಮಾತಿಗೇ ನಿಲ್ಲಿಸಿ ಮುಂದಿನ ಪದ ಎಲ್ಲೋ ಬಿದ್ದುಹೋಯಿತೆಂಬಂತೆ ನೆಲ ನೋಡುತ್ತಿತ್ತು. ಒಂದು ಬೆಳಿಗ್ಗೆ ಲೊರೆಲ್‌ಳ ಅಡುಗೆಮನೆಯಲ್ಲಿ, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿರುವಾಗಲೇ, ಫಿಟ್ಸ್ ಬಂದು ಕುರ್ಚಿಯಿಂದ ಉರುಳಿತು.

ಆಸ್ಪತ್ರೆಯಲ್ಲಿ ಗ್ವೆಂಡಾ ಮಗುವಿನ ತೋಳಿನ ನರದಿಂದ ರಕ್ತ ತೆಗೆದಳು. ಸೂಜಿ ಕಂಡರೆ ಊರೆಲ್ಲ ಒಂದು ಮಾಡುತ್ತಿದ್ದ ಮಗು ಈ ಸಲ ತುಟಿಪಿಟಿಕ್ಕೆನ್ನಲಿಲ್ಲ. ವರ್ನಾ ಆ ಸೀಸೆಯನ್ನು ಹಿಡಿದು ಹಿಂದಿನ ಕೋಣೆಗೆ ನಡೆದಳು. ಖಾಲಿ ಬಟ್ಟಲನ್ನು ಉರಿಗೆ ತಳ್ಳಿ ನೋಡಿದಳು: ಪೆನ್ನು ಅಲ್ಲಾಡಲಿಲ್ಲ. ಅಂದರೆ ಯಂತ್ರ ಸರಿಯಾಗಿದೆ. ರಕ್ತದ ಬಟ್ಟಲನ್ನು ತಳ್ಳಿದಳು. ಪೆನ್ನು ತೊಂಬತ್ತನ್ನೂ ದಾಟಿ ಹೋಯಿತು.

ಇದು ತೋಳಿನ ನರದ ರಕ್ತ, ಕೊಳೆಯ ಮಾತೇ ಇಲ್ಲ. ಹಾಗಾದರೆ ಅಂದಿನ ಎಂಬತ್ತೆರಡು? ಅದೂ ಕೊಳೆಯಾಗಿರಲಿಲ್ಲ. ಯಂತ್ರ ಅವತ್ತೇ ಬಾಯಿಬಿಟ್ಟು ಹೇಳಿತ್ತು, ಇವಳು ನಕ್ಕು ಮುದುರಿ ಬುಟ್ಟಿಗೆ ಹಾಕಿದ್ದಳು. ಉರಿ ಸುಮ್ಮನೆ ಉರಿಯುತ್ತಲೇ ಇತ್ತು.

ಮಗುವನ್ನು ವಿಮಾನದಲ್ಲಿ ಅಡಿಲೇಡ್‌ಗೆ ಸಾಗಿಸಿದರು. ಸೀಸವನ್ನು ರಕ್ತದಿಂದ ಎಳೆದು ತೆಗೆಯುವ ಮದ್ದನ್ನು ಸೂಜಿಯಲ್ಲಿ ಕೊಟ್ಟರು, ಮತ್ತೆ ಮತ್ತೆ ಕೊಟ್ಟರು. ಜೀವ ಉಳಿಯಿತು. ಬುದ್ಧಿ ಎಷ್ಟು ಉಳಿದಿದೆ ಎನ್ನುವುದನ್ನು ಈಗಲೇ ಹೇಳಲಾಗದು ಎಂದರು ಡಾಕ್ಟರು. ಆದರೆ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿದರು: ಮಗು ಮತ್ತೆ ಅದೇ ಸೀಸದ ನಡುವೆ ಹೋದರೆ ಮದ್ದು ಕೊಟ್ಟಿದ್ದೆಲ್ಲ ದಂಡ, ಇನ್ನೊಂದು ಸಲಕ್ಕೆ ಅದರ ತಲೆ ತಾಳುವುದಿಲ್ಲ.

ಲೊರೆಲ್ ಫೋನಿನಲ್ಲಿ ಅತ್ತಳು. "ಅಮ್ಮಾ, ಎಲ್ಲಾ ನಾನಿರೋ ಆ ದರಿದ್ರ ಮನೆಯಿಂದ. ಚಿಮಣಿ ಬುಡದಲ್ಲೇ ಇದೆಯಲ್ಲ. ಆ ಮನೆ ಬಿಡ್ತೀನಿ. ಅವಳನ್ನ ಕರ್ಕೊಂಡು ನಿನ್ನ ಮನೆಗೇ ಬಂದುಬಿಡ್ತೀನಿ. ನಿನ್ನ ಮನೆ ಬಿಟ್ರೆ ಈ ಊರಲ್ಲಿ ಚೊಕ್ಕ ಜಾಗ ಎಲ್ಲಿದೆ ಹೇಳು?"

"ಬಾ ಮಗಳೇ," ಎಂದಳು ವರ್ನಾ. ಬೇರೆ ಏನು ಹೇಳಿಯಾಳು?

ಮರ್ವ್ ಆ ಸುದ್ದಿ ಕೇಳಿದವನೇ ಎದ್ದು ನಿಂತು ಮೂಗು ಒರೆಸಿಕೊಂಡ. "ಇಲ್ಲೇ ಇರ್ತಾಳಾ? ಪೂರ್ತಿಯಾಗಿ?" ಎಂದು ಎರಡೆರಡು ಸಲ ಕೇಳಿ ಶೆಡ್ಡಿಗೆ ಹೋದ.

ಆದರೆ ಒಮ್ಮೆ ಮೈಮರೆತವಳು ವರ್ನಾ. ಇನ್ನೊಮ್ಮೆ ಮೈಮರೆಯಲು ಅವಳ ಜೀವ ಒಪ್ಪಲಿಲ್ಲ. ಮಗು ಬರುವ ಮುನ್ನ ಎರಡೂ ಮನೆಯನ್ನು ಅಳೆದು ನೋಡಬೇಕೆಂದು ಹೊರಟಳು. ಸೋಸುವ ಕಾಗದವನ್ನು ಒದ್ದೆ ಮಾಡಿಕೊಂಡು ಒಂದೊಂದು ಜಾಗವನ್ನು ಒರೆಸುವುದು, ಕಾಗದವನ್ನು ಆಸಿಡ್ಡಿನಲ್ಲಿ ನೆನೆಹಾಕುವುದು, ಆ ನೀರನ್ನು ಉರಿಗೆ ಎರಚುವುದು. ಲೊರೆಲ್‌ಳ ಮನೆಯ ಕಿಟಕಿಯ ಹೊರಅಂಚಿನಲ್ಲಿ ಸೀಸ ಬೇಕಾದಷ್ಟಿತ್ತು. ಒಳಗೆ ಮಾತ್ರ ಅಷ್ಟೇನಿರಲಿಲ್ಲ. ನೆಲ, ಮೇಜು, ಮಗುವಿನ ಮಂಚ, ಎಲ್ಲವನ್ನೂ ಆ ಹುಡುಗಿ ಅಮ್ಮ ಕಲಿಸಿದಂತೆಯೇ ಒರೆಸಿಟ್ಟಿದ್ದಳು. ಊರಿನ ನೂರು ಮಕ್ಕಳು ಇಂಥ ಮನೆಗಳಲ್ಲೇ ಬೆಳೆಯುತ್ತಿವೆ, ಯಾವುದಕ್ಕೂ ತೊಂಬತ್ತು ಬಂದಿಲ್ಲ.

ಇನ್ನು ತನ್ನ ಮನೆ. ಅಡುಗೆಮನೆ, ಏನಿಲ್ಲ. ಪಡಸಾಲೆ, ಏನಿಲ್ಲ. ಬಾಗಿಲ ಕಾಲೊರಸು ಕೂಡ ಲೆಕ್ಕಕ್ಕಿಲ್ಲ. ಪೆನ್ನು ನೆಟ್ಟಗೆ ಗೆರೆ ಎಳೆಯುತ್ತ ಹೋದಂತೆಲ್ಲ ಅವಳ ಉಸಿರು ಹಗುರವಾಗುತ್ತ ಬಂತು. ಕೊನೆಗೆ ಉಳಿದದ್ದು ಒಂದು ಕಾಗದ. ಮಗು ಮಧ್ಯಾಹ್ನ ಮಲಗುತ್ತಿದ್ದ ದಿಂಬನ್ನು ಒರೆಸಿದ್ದು. ಮಗು ಆಸ್ಪತ್ರೆ ಸೇರಿದ ಮೇಲೆ ಆ ದಿಂಬಿನ ಹೊದಿಕೆ ತೆಗೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಪೆನ್ನು ಕಾಗದದ ಅಂಚಿಗೆ ಬಡಿದು ಅಲ್ಲೇ ನಿಂತುಬಿಟ್ಟಿತು.

ಮತ್ತೆ ಮಾಡಿದಳು. ನೀರು ಬೆರೆಸಿ ತೆಳ್ಳಗೆ ಮಾಡಿ ಮತ್ತೆ ಮಾಡಿದಳು. ಇಡೀ ಮನೆಯಲ್ಲಿ ಎಲ್ಲೂ ಇಲ್ಲದ ಸೀಸ ಒಂದು ದಿಂಬಿನಲ್ಲಿ, ಮಗುವಿನ ಕೂದಲು ತಾಗುವ ಜಾಗದಲ್ಲಿ! ಅಂದರೆ ಮನೆಯಿಂದ ಮಗುವಿಗೆ ಬಂದದ್ದಲ್ಲ. ಮಗುವೇ ಎಲ್ಲಿಂದಲೋ ತಲೆಯಲ್ಲಿ ಹೊತ್ತು ತಂದದ್ದು. ಈ ಮನೆಯಲ್ಲಿ ಮಗು ಹೋಗುವ, ವರ್ನಾಳ ಒದ್ದೆ ಬಟ್ಟೆ ಹೋಗದ ಜಾಗ ಒಂದೇ ಒಂದು.

ಬಿಸಿಲು ಇನ್ನೂ ನೆತ್ತಿಯ ಮೇಲಿತ್ತು. ಆಸ್ಪತ್ರೆಯಿಂದ ನೇರವಾಗಿ ಬಂದವಳು ಮನೆಯೊಳಗೆ ಹೋಗದೆ ಹಿತ್ತಿಲಿಗೆ ನಡೆದು ಶೆಡ್ಡಿನ ಬಾಗಿಲನ್ನು ದೂಡಿದಳು.

ಮರ್ವ್ ಗ್ಯಾಸಿನ ಒಲೆಯ ಮುಂದೆ ಕೂತಿದ್ದ. ಒಲೆಯ ಮೇಲೆ ಹಳೆಯ ಬಾಣಲೆ, ಬಾಣಲೆಯಲ್ಲಿ ಕನ್ನಡಿಯ ಹಾಗೆ ಹೊಳೆಯುವ ಕರಗಿದ ಸೀಸ. ಗೋಡೆಯುದ್ದಕ್ಕೂ ಡಬ್ಬಿಗಳಲ್ಲಿ ಗಾಳದ ಗುಂಡುಗಳು: ಸಣ್ಣವು, ದೊಡ್ಡವು, ಊರಿನ ಅರ್ಧ ಮೀನುಗಾರರಿಗೆ ಸಾಲುವಷ್ಟು. ನೆಲದ ಮೇಲೆ ಮಗುವಿನ ಪುಟ್ಟ ಕುರ್ಚಿ. ಅದರ ಮುಂದೆ ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ವರ್ನಾಳದೇ ಹಳೆಯ ಕೇಕಿನ ಅಚ್ಚುಗಳು. ಅಚ್ಚುಗಳ ತುಂಬ ಬೂದು ಬಣ್ಣದ ನುಣುಪಾದ ಹಿಟ್ಟು. ಕರಗಿದ ಸೀಸದ ಮೇಲೆ ಕಟ್ಟುವ ಕಿಟ್ಟ ಅದು, ಮರ್ವ್ ಕೆರೆದು ತೆಗೆದದ್ದು. ಅದರ ಮೇಲೆ ಒಂದು ಚಮಚ, ಚಮಚದ ಅಂಚಿನಲ್ಲಿ ಎಳೆಯ ಹಲ್ಲಿನ ಗುರುತು.

ವರ್ನಾ ಬಾಗಿಲಲ್ಲೇ ನಿಂತಳು.

"ಏಯ್, ಏನಿದು ದಾರಿ ತಪ್ಪಿ ಬಂದಿದೀಯ?" ಎಂದ ಮರ್ವ್. ಅವನಿಗೆ ಅವಳ ಮುಖ ಕಾಣಿಸಲಿಲ್ಲ, ಬಾಗಿಲ ಬೆಳಕು ಬೆನ್ನಿಗಿತ್ತು. "ಬಾ ಇಲ್ಲಿ, ನೋಡು. ಅವಳು ಬರ್ತಾಳಲ್ಲ, ಅದಕ್ಕೆ ಮಾಡ್ತಿದೀನಿ." ಅಂಗೈ ಚಾಚಿದ. ಅಂಗೈ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಟೀ ಬಟ್ಟಲು, ಅದಕ್ಕೊಂದು ತಟ್ಟೆ. ಎರಡೂ ಸೀಸದವು, ಹಿಡಿಯ ಮೇಲೆ ಹೂವಿನ ಗೆರೆ ಕೂಡ ಕೊರೆದಿದ್ದ. ಎಂಥ ಚಂದದ ಕೆಲಸ ಅಂತೀರಿ! ನೋಡಿದರೆ ಯಾವ ಮಗುವಾದರೂ ಬಾಯಿಗೆ ಇಟ್ಟುಕೊಳ್ಳಬೇಕು.

"ಇಲ್ಲಿ ಅವಳನ್ನ ಕೂರಿಸ್ಕೊಂಡಿದ್ಯಾ ಮರ್ವ್? ದಿನಾ?"

"ಇನ್ನೆಲ್ಲಿ ಕೂರಿಸ್ಕೊಳ್ಳಿ? ಬಿಸಿ ಹತ್ರ ಬಿಟ್ಟಿಲ್ಲ ಕಣೆ, ಹೆದರ್ಬೇಡ. ಆ ಮೂಲೇಲಿ ಅವಳ ಅಡುಗೆಮನೆ."

"ಸೀಸ ಕರಗಿಸೋ ಕಡೆ! ನಿಂಗೆ ತಲೆ ಇದ್ಯಾ? ಮೂವತ್ತು ವರ್ಷ ಕುಲುಮೇಲಿದ್ದೋನು ನೀನು!"

ಮರ್ವ್ ಕಕ್ಕಾಬಿಕ್ಕಿಯಾದ. ಆಮೇಲೆ ಸ್ವಲ್ಪ ಸಿಟ್ಟೂ ಬಂತು. "ಅದಕ್ಕೇ ಹೇಳೋದು, ನಂಗೆ ಗೊತ್ತಿಲ್ವಾ? ಕುಲುಮೆ ಧೂಳಿದೆಯಲ್ಲ, ಅದು ವಿಷ. ಅದನ್ನ ಯಾವತ್ತಾದ್ರೂ ಮನೆಗೆ ತಂದಿದ್ನಾ ನಾನು? ಇದು ಧೂಳಲ್ಲ ಕಣೆ. ಶುದ್ಧ ಮಾಡಿದ ಸೀಸ, ಕಾರ್ಖಾನೆ ಮುದ್ರೆ ಬಿದ್ದಿದ್ದು. ಎಲ್ಲಾ ಹೊಲಸು ತೆಗೆದು ಒಂದು ಚೂರು ಕಸ ಇಲ್ದಂಗೆ ಮಾಡಿದ್ದು. ಇದಕ್ಕಿಂತ ಚೊಕ್ಕ ಏನಿದೆ ಈ ಊರಲ್ಲಿ?"

ನಗಬೇಡಿ. ಕುಲುಮೆಯಲ್ಲಿ ದುಡಿದ ನಮ್ಮೂರಿನ ಯಾವ ಮುದುಕನನ್ನಾದರೂ ಕೇಳಿ, ಇದನ್ನೇ ಹೇಳುತ್ತಾನೆ. ಅದಿರು ಕೊಳಕು, ಹೊಗೆ ಕೊಳಕು, ಧೂಳು ಕೊಳಕು. ಅದೆಲ್ಲ ಕಳೆದು ಕೊನೆಗೆ ಅಚ್ಚಿನಲ್ಲಿ ಹೊಳೆಯುತ್ತ ಇಳಿಯುತ್ತದಲ್ಲ, ಅದು ಚೊಕ್ಕ. ಅದನ್ನು ಚೊಕ್ಕ ಮಾಡುವುದಕ್ಕೇ ಅವರ ಬೆನ್ನು ಮುರಿದದ್ದು. ಅದನ್ನೂ ವಿಷ ಎಂದರೆ ಅವರಿಗೆ ಉಳಿಯುವುದಾದರೂ ಏನು?

"ನನ್ನ ದೀಪಕ್ಕೆ ಚೊಕ್ಕ ಕೊಳಕು ಗೊತ್ತಾಗಲ್ಲ ಮರ್ವ್," ಎಂದಳು ವರ್ನಾ. "ಸೀಸ ಅಂದ್ರೆ ಸೀಸ. ಅವಳ ದಿಂಬಲ್ಲಿದೆ, ಕೂದಲಲ್ಲಿದೆ, ರಕ್ತದಲ್ಲಿದೆ. ಈ ಹಿಟ್ಟನ್ನ ತಿಂದಿದಾಳೆ ಮರ್ವ್. ಕೇಕ್ ಮಾಡ್ಕೊಂಡು ತಿಂದಿದಾಳೆ."

ಮರ್ವ್ ಅಚ್ಚುಗಳ ಕಡೆ ನೋಡಿದ. ಚಮಚವನ್ನು ಕೈಗೆತ್ತಿಕೊಂಡ, ಹಲ್ಲಿನ ಗುರುತಿನ ಮೇಲೆ ಬೆರಳು ಆಡಿಸಿದ. ಒಲೆಯ ಮೇಲಿನ ಸೀಸ ಹೊಳೆಯುತ್ತಲೇ ಇತ್ತು.

"ನಾನೇನಾ?" ಎಂದ ಕೊನೆಗೆ. "ನಾನೇನಾ ಕೊಟ್ಟಿದ್ದು?"

ವರ್ನಾ ಒಲೆ ಆರಿಸಿದಳು. ಅರವತ್ತು ದಾಟಿದ ಗಂಡಸು ಪುಟ್ಟ ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿ ಹಸುವಿನಂತೆ ದನಿ ತೆಗೆದು ಅತ್ತ. ಅವಳು ಅವನ ತಲೆಯನ್ನು ಹಿಡಿದುಕೊಂಡು ನಿಂತಳು. ಆ ಹೊತ್ತಿನಲ್ಲಿ, ಆ ಕನಿಕರದ ನಡುವೆಯೇ, ಅವಳ ಮನಸ್ಸಿನ ಒಂದು ಮೂಲೆ ಸ್ವಲ್ಪ ಹಗುರಾಯಿತು: ಮಾಡಿದವನು ಅವನು. ಎಂಬತ್ತೆರಡರ ಮಾತು ಗೊತ್ತಿದ್ದವಳು ತಾನೊಬ್ಬಳೇ. ಗ್ವೆಂಡಾಗೆ ಕೂಡ ಕೊಳೆ ಬೆರಳು ಎಂದಿದ್ದಳೇ ಹೊರತು ಅಂಕಿ ಹೇಳಿರಲಿಲ್ಲ. ಹೀಗೆ ಹಗುರಾದದ್ದು ಗೊತ್ತಾದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಕಾರಿನಲ್ಲಿ ಅಡಿಲೇಡ್‌ಗೆ ಹೊರಟರು. ಗೋಧಿ ಕೊಯ್ದ ಹೊಲಗಳ ನಡುವೆ ದಾರಿಯುದ್ದಕ್ಕೂ ಮರ್ವ್ ಒಂದೇ ಮಾತು ಒಪ್ಪಿಸಿಕೊಳ್ಳುತ್ತಿದ್ದ. "ಲೊರೆಲ್‌ಗೆ ನಾನೇ ಹೇಳ್ತೀನಿ. ನೀನು ಮಧ್ಯೆ ಬರ್ಬೇಡ. ನಾನು ಮಾಡಿದ್ದು, ನನ್ನ ಬಾಯಿಂದ್ಲೇ ಕೇಳ್ಲಿ. ಆಮೇಲೆ ಅವಳು ನನ್ನ ಮುಖ ನೋಡ್ದಿದ್ರೂ ಪರ್ವಾಗಿಲ್ಲ." ವರ್ನಾ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಹೇಳಬೇಕು ಎಂದು ಬಾಯಿ ತುದಿಗೆ ಬಂದದ್ದು ಒಂದೊಂದು ಊರು ದಾಟಿದಾಗಲೂ ಒಳಕ್ಕೆ ಹೋಗುತ್ತಿತ್ತು.

ಆಸ್ಪತ್ರೆಯ ಓಣಿಯಲ್ಲಿ ಲೊರೆಲ್ ಡಾಕ್ಟರ ಜೊತೆ ನಿಂತಿದ್ದಳು. ಇಳಿದುಹೋಗಿದ್ದಳು ಹುಡುಗಿ, ಕಣ್ಣ ಕೆಳಗೆ ಮಸಿ ಬಳಿದಂತಿತ್ತು. ಮರ್ವ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಒಪ್ಪಿಸಿಕೊಂಡು ಬಂದದ್ದನ್ನೆಲ್ಲ ಮರೆತು, ತಡವರಿಸುತ್ತ ಹೇಳಿದ. ಬಾಣಲೆ ಹೇಳಿದ, ಕಿಟ್ಟ ಹೇಳಿದ, ಕೇಕಿನ ಅಚ್ಚು ಹೇಳಿದ. "ಚೊಕ್ಕ ಅಂದ್ಕೊಂಡೆ ಮಗಳೇ. ದೇವರಾಣೆಗೂ ಚೊಕ್ಕ ಅಂದ್ಕೊಂಡೆ."

ಲೊರೆಲ್ ಗೋಡೆಗೆ ಒರಗಿದಳು. ಕಿರುಚುತ್ತಾಳೆ, ಹೊಡೆಯುತ್ತಾಳೆ ಎಂದು ವರ್ನಾ ಕಾದಳು. ಮಗಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ನಿಂತಳು, ಅಷ್ಟೇ.

ಡಾಕ್ಟರು ಮೆಲ್ಲಗೆ ಕೇಳಿದರು: "ಎಷ್ಟು ದಿನದಿಂದ ಮಗು ಅಲ್ಲಿ ಆಡ್ತಿತ್ತು?"

"ಬೇಸಿಗೆಗೆ ಮುಂಚಿಂದ್ಲೂ," ಎಂದ ಮರ್ವ್. "ರಜ ಬಂದ್ಮೇಲೆ ಇಡೀ ದಿನ."

"ಹಾಗಾದ್ರೆ ಜಾಸ್ತಿ ಹಾನಿ ಆಗಿರೋದು ಆ ರಜದಲ್ಲೇ. ಶಿಶುವಿಹಾರದಲ್ಲಿ ಎಲ್ಲಾ ಮಕ್ಕಳ ರಕ್ತ ನೋಡ್ತಾರಲ್ಲ ನಿಮ್ಮೂರಲ್ಲಿ, ಆಗ ಏನೂ ಗೊತ್ತಾಗ್ಲಿಲ್ವಾ?"

"ತೆಗೆದಿದ್ರು," ಎಂದಳು ಲೊರೆಲ್. ಮುಖದಿಂದ ಕೈ ತೆಗೆದಳು. "ಬೆರಳಲ್ಲಿ ಕೊಳೆ ಇತ್ತು ಅಂತ…" ಮಾತು ಅಲ್ಲಿಗೇ ನಿಂತಿತು. ಅವಳು ತಾಯಿಯ ಕಡೆ ತಿರುಗಿದಳು. "ಅವತ್ತು ಎಷ್ಟು ಬಂದಿತ್ತು ಅಮ್ಮ?"

ವರ್ನಾ ನೆನಪಿಲ್ಲ ಎನ್ನಬಹುದಿತ್ತು. ನಲವತ್ತು ಎನ್ನಬಹುದಿತ್ತು. ಕಾಗದ ಬುಟ್ಟಿಗೆ ಹೋಗಿ ಎಂದೋ ಸುಟ್ಟು ಬೂದಿಯಾಗಿತ್ತು, ಕೇಳುವವರು ಹೇಳುವವರು ಯಾರೂ ಇರಲಿಲ್ಲ. ಮರ್ವ್ ಏನೂ ಅರ್ಥವಾಗದೆ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡುತ್ತಿದ್ದ. ಪಾಪದವನು, ಎಲ್ಲವನ್ನೂ ತನ್ನ ತಲೆಯ ಮೇಲೆ ಹೊತ್ತು ನಿಂತಿದ್ದ.

"ಎಂಬತ್ತೆರಡು," ಎಂದಳು ವರ್ನಾ.

ಡಾಕ್ಟರು ತಲೆ ತಗ್ಗಿಸಿದರು.

"ಎಂಬತ್ತೆರಡು ಬಂತು, ನೀನು ಎಸೆದೆ," ಎಂದಳು ಲೊರೆಲ್.

"ಕೊಳೆ ಅಂದ್ಕೊಂಡೆ ಕಣೆ. ಅಂಥವು ಎಷ್ಟೋ ಬರ್ತಿದ್ವು. ನಮ್ಮನೇಲಿ ಬೆಳೆಯೋ ಮಗುಗೆ ಅಷ್ಟು ಬರೋಕೆ ಸಾಧ್ಯನೇ ಇಲ್ಲ ಅಂತ…"

"ಮಾರನೇ ದಿನ ಇನ್ನೊಂದ್ಸಲ ನೋಡ್ಬೋದಿತ್ತು."

"ನೋಡ್ಬೋದಿತ್ತು."

"ನನಗೆ ಹೇಳ್ಬೋದಿತ್ತು."

"ಹೇಳ್ಬೋದಿತ್ತು ಲೊರೆಲ್."

"ಕ್ರಿಸ್‌ಮಸ್ ಅಂದೆ. ರಜ ಮುಗೀಲಿ ಅಂದೆ." ಲೊರೆಲ್‌ಳ ದನಿ ಏರಲಿಲ್ಲ, ಏರಿದ್ದರೆ ವರ್ನಾ ತಡೆದುಕೊಳ್ಳುತ್ತಿದ್ದಳೇನೋ. "ಅಪ್ಪಂಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು."

ಅವಳು ಅಪ್ಪನ ಮೊಣಕೈ ಹಿಡಿದು ಓಣಿಯ ಕೊನೆಯ ನಲ್ಲಿಯ ಬಳಿಗೆ ಕರೆದುಕೊಂಡು ಹೋದಳು. ಅವನ ಅಂಗಿಯ ತೋಳು ಮಡಚಿ, ಸೋಪು ಹಚ್ಚಿ, ಮೊಣಕೈಯವರೆಗೂ ತಾನೇ ಉಜ್ಜಿದಳು. ಮರ್ವ್ ಸಣ್ಣ ಹುಡುಗನಂತೆ ಕೈ ಒಡ್ಡಿ ನಿಂತು ಅಳುತ್ತಿದ್ದ. ಅವಳು ಅವನ ಕೈ ಒರೆಸಿ, ಮಗುವಿನ ಕೋಣೆಯ ಬಾಗಿಲು ತೆರೆದಳು. ವರ್ನಾ ಎರಡು ಹೆಜ್ಜೆ ಮುಂದಿಟ್ಟಳು. ಲೊರೆಲ್ ತಿರುಗಿ ನೋಡದೆಯೇ ಬಾಗಿಲನ್ನು ಎಳೆದುಕೊಂಡಳು.

ವರ್ನಾ ಬಾಗಿಲ ಹತ್ತಿರ ನಿಂತಳು. ಒಳಗೆ ಮಂಚದ ಸದ್ದು, ಮರ್ವ್‌ನ ದನಿ. ಆಮೇಲೆ ಮಗುವಿನ ದನಿ ಕೇಳಿಸಿತು. ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಎಲ್ಲಿಂದಲೋ ಹುಡುಕಿ ತರುತ್ತಿದ್ದಂತೆ.

"ಅ… ಅಜ್ಜಿ?"

"ಅಜ್ಜಿ ಬಂದಿಲ್ಲ ಕಂದ," ಎಂದಳು ಲೊರೆಲ್.